ಬೋಧನಾಭ್ಯಾಸಕ್ಕೆ ಎಂಥ ಲ್ಯಾಪ್‌ಟಾಪ್ ಬೇಕು?

ಬೋಧನಾಭ್ಯಾಸದ ವೇಳಾಪಟ್ಟಿ ಫಲಕಕ್ಕೆ ಬಂದ ಮೇಲೆ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಗಿಂತ ಮೊದಲು ಕೇಳುವುದು, "ಸರ್, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಎಂದು. ಹೀಗೆ ಕೇಳುವವರಲ್ಲಿ ಹಲವರು ಕಾಲೇಜು ಶುಲ್ಕವನ್ನೇ ಕಂತಿನಲ್ಲಿ ಕಟ್ಟುತ್ತಿರುವವರು. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಬಿ.ಇಡ್. ಓದಲು ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿಲ್ಲ.

ನಮಗಿರುವ ಕೆಲಸ ಎಷ್ಟು? ಕನ್ನಡದಲ್ಲಿ ಪಾಠಯೋಜನೆ ಟೈಪ್ ಮಾಡುವುದು, ಹತ್ತು ಹನ್ನೆರಡು ಸ್ಲೈಡು, ದೀಕ್ಷಾದಿಂದ ಒಂದು ವಿಡಿಯೊ, ಘಟಕ ಪರೀಕ್ಷೆಯ ಅಂಕಪಟ್ಟಿ. ಇದಕ್ಕೆ 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ. ಬೇರೆ ಗ್ರಾಫಿಕ್ಸ್ ಕಾರ್ಡ್ ಗೇಮ್ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಇರಲಿ. ಎಸ್‌ಎಸ್‌ಡಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳೆಯ ಹಾರ್ಡ್‌ಡಿಸ್ಕ್ ಯಂತ್ರ ಆನ್ ಆಗುವಷ್ಟರಲ್ಲಿ ನಿಮ್ಮ ಪೀಠಿಕೆಯ ಐದು ನಿಮಿಷ ಕಳೆದಿರುತ್ತದೆ, ಮಕ್ಕಳು ಕಿಟಕಿಯಾಚೆ ನೋಡುತ್ತಿರುತ್ತಾರೆ.

ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳನ್ನು ಸರಿಪಡಿಸಿ ರಿಫರ್ಬಿಷ್ಡ್ ಎಂದು ಮಾರುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವು ಸಾಲಾಗಿ ಸಿಗುತ್ತವೆ. ಅಗ್ಗದ ಹೊಸ ಮಾದರಿಗಿಂತ ಇವುಗಳ ಕೀಲಿಮಣೆ, ಕೀಲು ಗಟ್ಟಿ. ಆದರೆ ಮೂರು ವಿಷಯ ನೋಡದೆ ದುಡ್ಡು ಕೊಡಬೇಡಿ. ಮೊದಲನೆಯದು ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಸರಿಯಾಗಿ ನಡೆಯಬೇಕಾದರೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದರ ನಂತರದ್ದು ಇರಬೇಕು. ಮನೆಯಲ್ಲಿ ಅದಕ್ಕಿಂತ ಹಳೆಯದು ಇದ್ದರೆ ಎಸೆಯಬೇಡಿ, ಲಿನಕ್ಸ್ ಹಾಕಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಎರಡನೆಯದು ಬ್ಯಾಟರಿ. ಅದರ ಮೂಲ ಸಾಮರ್ಥ್ಯ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂಬ ವರದಿಯನ್ನು ವಿಂಡೋಸ್‌ನಲ್ಲೇ ತೆಗೆಯಬಹುದು. ಅಂಗಡಿಯಲ್ಲೇ ತೆಗೆಸಿ. ಅಭ್ಯಾಸ ಶಾಲೆಯಲ್ಲಿ ಕರೆಂಟು ನಿಮ್ಮ ವೇಳಾಪಟ್ಟಿ ನೋಡಿಕೊಂಡು ಇರುವುದಿಲ್ಲ. ಮೂರನೆಯದು ಪ್ರೊಜೆಕ್ಟರ್‌ಗೆ ಜೋಡಿಸುವ ಕಿಂಡಿ: ಹಳೆಯ ಪ್ರೊಜೆಕ್ಟರ್‌ಗಳಿಗೆ ವಿಜಿಎ ಬೇಕು, ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಮಾತ್ರ ಇರುತ್ತದೆ. ನಡುವೆ ಹಾಕುವ ಸಣ್ಣ ಕನ್ವರ್ಟರ್ ಬ್ಯಾಗಿನಲ್ಲಿರಲಿ.

ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಬೇಡ ಎನ್ನಿ. ಬಿಲ್ ಇಲ್ಲದಿದ್ದರೆ ವಾರಂಟಿ ಬರೀ ಬಾಯಿಮಾತು. 'ನೋ ಕಾಸ್ಟ್ ಇಎಂಐ' ಎಂಬುದನ್ನೂ ನಂಬಿ ಸಹಿ ಹಾಕಬೇಡಿ. ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೀಳಬಹುದು, ನಗದಿಗೆ ಸಿಗುವ ರಿಯಾಯಿತಿ ತಪ್ಪಬಹುದು. ಎರಡೂ ಲೆಕ್ಕವನ್ನು ಪಕ್ಕಪಕ್ಕ ಬರೆಸಿಕೊಳ್ಳಿ. ವಿಂಡೋಸ್ ಜೊತೆಗೇ ಡಿಫೆಂಡರ್ ಬರುವುದರಿಂದ ಬೇರೆ ಆಂಟಿವೈರಸ್ ಕೊಳ್ಳಬೇಕಿಲ್ಲ. ಲಿಬ್ರೆಆಫೀಸ್ ಉಚಿತವಾಗಿರುವಾಗ ಅಂಗಡಿಯವರು ಹಾಕಿ ಕೊಡುವ ನಕಲಿ ಆಫೀಸ್ ಏಕೆ ಬೇಕು? ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಫಾಂಟಿಗೂ ಖರ್ಚಿಲ್ಲ, ಶಾಲೆಯ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರ ಚೆಲ್ಲಾಪಿಲ್ಲಿಯಾಗುವ ಭಯವೂ ಇಲ್ಲ.

ಇನ್ನು ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು. ಪಾಠ ವೀಕ್ಷಣೆಯ ನಮೂನೆಯಲ್ಲಿ 'ಐಸಿಟಿ ಬಳಕೆ' ಎಂಬ ಸಾಲಿಗೆ ನಾವು ಹಾಕುವ ಅಂಕವೇ ಎಷ್ಟೋ ಮಕ್ಕಳನ್ನು ಅಂಗಡಿಗೆ ಅಟ್ಟುತ್ತದೆ. ಪ್ರೊಜೆಕ್ಟರ್ ಇಲ್ಲದ ಕೊಠಡಿಯಲ್ಲಿ ನಲವತ್ತು ಮಕ್ಕಳ ಮುಂದೆ ಹದಿನಾಲ್ಕು ಇಂಚಿನ ಪರದೆ ಹಿಡಿದು ನಿಲ್ಲುವುದಕ್ಕಿಂತ ಒಂದು ಒಳ್ಳೆಯ ಚಾರ್ಟು ಮೇಲು, ಹಿಂದಿನ ಬೆಂಚಿಗೂ ಕಾಣುತ್ತದೆ. ಅಂಥ ಶಾಲೆಗೆ ಹೋದವರಿಗೆ ಆ ಅಂಕವನ್ನು ಬೋಧನೋಪಕರಣದ ಆಯ್ಕೆ ನೋಡಿ ಕೊಡೋಣ. ಬೋಧನಾಭ್ಯಾಸ ಮುಗಿಯುವವರೆಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಂಜೆ ಆರೂವರೆವರೆಗೆ ತೆರೆದಿರಲಿ, ಬೀಗದ ಕೈಯನ್ನು ಸರದಿಯ ಮೇಲೆ ನಾವೇ ಇಟ್ಟುಕೊಳ್ಳೋಣ. ಒಂದೇ ಶಾಲೆಗೆ ಹೋಗುವ ತಂಡಕ್ಕೆ ಒಂದು ಲ್ಯಾಪ್‌ಟಾಪನ್ನು ಕಾಲೇಜಿನಿಂದಲೇ ಸಹಿ ಹಾಕಿಸಿಕೊಂಡು ಕೊಡಲು ಸಾಧ್ಯವೇ ಎಂಬುದನ್ನು ಮುಂದಿನ ಸಿಬ್ಬಂದಿ ಸಭೆಯಲ್ಲಿ ಚರ್ಚೆಗೆ ಇಡುತ್ತೇನೆ.