ಹಾಲಿಗೆ ಫ್ಯಾಟ್ ನೋಡ್ತೀರಿ, ಪೆಟ್ರೋಲಿಗೆ ಏನು ನೋಡ್ತೀರಿ?

ಡೇರಿಗೆ ಹಾಲು ಹಾಕುವವರಿಗೆಲ್ಲ ಗೊತ್ತು, ಅಲ್ಲಿ ಬರೀ ಲೀಟರಿನ ಲೆಕ್ಕ ನಡೆಯುವುದಿಲ್ಲ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಿ ದರ ಕಟ್ಟುತ್ತಾರೆ. ಹಾಲು ತೆಳ್ಳಗಿದ್ದರೆ ದುಡ್ಡೂ ತೆಳ್ಳಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಪೆಟ್ರೋಲ್ ಬಂಕಿಗೆ ಹೋದಾಗ ಈ ನ್ಯಾಯ ಎಲ್ಲಿ ಹೋಗುತ್ತದೆ? ಅಲ್ಲಿ "ಸೊನ್ನೆ ನೋಡ್ಕೊಳ್ಳಿ" ಅನ್ನುತ್ತಾರೆ. ಸೊನ್ನೆಯನ್ನೇನೋ ನೋಡಬಹುದು. ಪೈಪಿನಿಂದ ಬರುವುದರಲ್ಲಿ ಪೆಟ್ರೋಲ್ ಎಷ್ಟು, ಎಥನಾಲ್ ಎಷ್ಟು, ಅದಕ್ಕೆ ದರ ಏಕೆ ಇಳಿದಿಲ್ಲ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಇವತ್ತು ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲ್ ಎಂದರೆ ಇ20. ಅಂದರೆ ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಎಥನಾಲ್. ಇದಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ ಅದು ಸಿಗುತ್ತಿದ್ದದ್ದು ದೇಶದ 84 ಬಂಕುಗಳಲ್ಲಿ ಮಾತ್ರ. 2018ರ ಜೈವಿಕ ಇಂಧನ ನೀತಿಯಲ್ಲಿ ಶೇ. 20ರ ಗುರಿ ಇದ್ದದ್ದು 2030ಕ್ಕೆ. ಅದನ್ನು ಐದು ವರ್ಷ ಹಿಂದಕ್ಕೆ ಎಳೆದರು. 2022ರ ಜೂನ್‌ನಲ್ಲಿ ಶೇ. 10 ಮುಟ್ಟಿದ್ದು 2025ರಲ್ಲಿ ಶೇ. 20ಕ್ಕೆ ಏರಿತು. ಮೂರೇ ವರ್ಷದಲ್ಲಿ ದುಪ್ಪಟ್ಟು.

ಗಾಡಿಗಳು ಹಾಗೆ ಮೂರು ವರ್ಷಕ್ಕೆ ಬದಲಾಗುವುದಿಲ್ಲ. ಬೈಕಿನ ಆರ್‌ಸಿ ಹದಿನೈದು ವರ್ಷದ್ದು. 2015ರಲ್ಲಿ ಕೊಂಡ ಗಾಡಿಯನ್ನು 2030ರವರೆಗೆ ಓಡಿಸಬಹುದು ಎಂದು ಸರ್ಕಾರವೇ ತೆರಿಗೆ ಕಟ್ಟಿಸಿಕೊಂಡು ಬರೆದುಕೊಟ್ಟಿದೆ. ಇ20ಗೆ ಹೊಂದುವ ರಬ್ಬರು, ಲೋಹ ಹಾಕಿದ ಗಾಡಿಗಳನ್ನು ಎಲ್ಲ ಕಂಪನಿಗಳೂ ತಯಾರಿಸಬೇಕು ಎಂದದ್ದು 2023ರ ಏಪ್ರಿಲ್‌ನಿಂದ. ಅದಕ್ಕಿಂತ ಮುಂಚಿನ ಗಾಡಿಗಳು ಎಲ್ಲಿವೆ? ನಗರದವರು ಐದು ವರ್ಷ ಓಡಿಸಿ ಮಾರಿದ ಬೈಕು, ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ತಾಲ್ಲೂಕಿಗೆ ಬರುತ್ತವೆ, ಅಲ್ಲಿಂದ ಥರ್ಡ್ ಹ್ಯಾಂಡ್ ಆಗಿ ಹಳ್ಳಿಗೆ. ಇ20 ಬಗ್ಗೆ ಟಿವಿಯಲ್ಲಿ, ಯೂಟ್ಯೂಬಿನಲ್ಲಿ ಕಾರಿನವರ ಗಲಾಟೆ ಕೇಳಿಸುತ್ತದೆ. ಸೊಪ್ಪು, ಮೀನು, ಹಾಲು ಹೊತ್ತು ತಿರುಗುವ ಹಳೇ ಬೈಕುಗಳ ಮಾಲೀಕರು ಆ ಚರ್ಚೆಯಲ್ಲಿ ಇಲ್ಲವೇ ಇಲ್ಲ. ಪೆಟ್ಟು ಜಾಸ್ತಿ ಬೀಳುವುದು ಅವರಿಗೇ.

ಮೊದಲು ಒಂದು ಮಾತು ಸ್ಪಷ್ಟ ಮಾಡೋಣ. ಇ20 ಹಾಕಿದ ತಕ್ಷಣ ಎಂಜಿನ್ ಸೀಜ್ ಆಗುತ್ತದೆ, ಟ್ಯಾಂಕು ತೂತಾಗುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತುಗಳನ್ನು ನಂಬಬೇಕಿಲ್ಲ. ಎಥನಾಲ್ ವಿಷವಲ್ಲ. ಅದರ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು. ಕಚ್ಚಾ ತೈಲದ ಆಮದು ತಗ್ಗುವುದೂ ನಿಜ. 2014-15ರಿಂದ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಒಳ್ಳೆಯದೇ. ಪ್ರಶ್ನೆ ಇಷ್ಟೇ: ಉಳಿದದ್ದು ದೇಶಕ್ಕೆ, ಕಳೆದದ್ದು ಯಾರಿಗೆ?

ಕಳೆಯುವುದು ಹೇಗೆ ಎಂದು ನೋಡಿ. ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಹಾಗಾಗಿ ಒಂದು ಲೀಟರ್ ಇ20ಯಲ್ಲಿ, ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗ 2021ರ ಜೂನ್‌ನಲ್ಲಿ ಹೊರತಂದ ಎಥನಾಲ್ ಮಾರ್ಗಸೂಚಿಯಲ್ಲೇ ಇದರ ಲೆಕ್ಕ ಇದೆ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ತಯಾರಾಗಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ. 6ರಿಂದ 7, ಅಂಥದ್ದೇ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಇಳಿಯುತ್ತದೆ ಎಂದು. ಇದು ವಿರೋಧ ಪಕ್ಷದ ಆರೋಪವಲ್ಲ, ಸರ್ಕಾರದ್ದೇ ಅಂಕಿ.

ಶೇ. 4 ಏನು ಮಹಾ ಅನ್ನಬೇಡಿ. ದಿನಕ್ಕೆ 60 ಕಿಲೋಮೀಟರ್ ತಿರುಗುವ, ಲೀಟರಿಗೆ 50 ಕೊಡುವ ಬೈಕು ಎಂದುಕೊಳ್ಳಿ. ತಿಂಗಳಿಗೆ 36 ಲೀಟರ್. ಮೈಲೇಜು 48ಕ್ಕೆ ಇಳಿದರೆ 37.5 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು 155, ವರ್ಷಕ್ಕೆ 1,850 ರೂಪಾಯಿ. ಯಾವ ಬಜೆಟ್‌ನಲ್ಲೂ ಘೋಷಣೆಯಾಗದ, ಯಾರೂ ರಸೀದಿ ಕೊಡದ ತೆರಿಗೆ ಇದು. ಇನ್ನೊಂದು ತಮಾಷೆ ಇದೆ. ಮೈಲೇಜು ಇಳಿದಷ್ಟೂ ನೀವು ಹೆಚ್ಚು ಲೀಟರ್ ಕೊಳ್ಳಬೇಕು. ಹೆಚ್ಚು ಲೀಟರ್ ಕೊಂಡಷ್ಟೂ ಕೇಂದ್ರಕ್ಕೂ ರಾಜ್ಯಕ್ಕೂ ನೀವು ಕಟ್ಟುವ ತೆರಿಗೆ ಹೆಚ್ಚು. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ಏರಿಸಿ ಲೀಟರಿಗೆ 3 ರೂಪಾಯಿ ಹೆಚ್ಚಿಸಿದ ನಮ್ಮ ರಾಜ್ಯ ಸರ್ಕಾರವೂ ಈ ವಿಷಯದಲ್ಲಿ ಬಾಯಿ ಬಿಡದೇ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕೇ?

ಅದೇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳಿತ್ತು. ಮೈಲೇಜು ಇಳಿಯುವುದರಿಂದ ಎಥನಾಲ್ ಬೆರೆಸಿದ ಇಂಧನದ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆ ಇರಬೇಕು ಎಂದು. ಈಗ ಕೇಳಿದರೆ ಸಚಿವಾಲಯದ ಉತ್ತರ, ಆಗ ಎಥನಾಲ್ ಅಗ್ಗವಿತ್ತು, ಈಗ ಸರಾಸರಿ ಖರೀದಿ ಬೆಲೆ ಲೀಟರಿಗೆ 71.32 ರೂಪಾಯಿ ಆಗಿದೆ, ಆದ್ದರಿಂದ ಕಡಿಮೆ ಮಾಡಲಾಗದು. ಅಲ್ಲ ಸ್ವಾಮಿ, ಮಾಡುವವರಿಗೆ ಖರ್ಚು ಹೆಚ್ಚಾಯಿತು ಎಂದ ಮಾತ್ರಕ್ಕೆ ಕೊಳ್ಳುವವನ ಲೀಟರಿನಲ್ಲಿ ಶಕ್ತಿ ಹೆಚ್ಚಾಗುತ್ತದೆಯೇ? ಮೇವಿನ ರೇಟು ಏರಿತು ಎಂದು ರೈತ ತೆಳು ಹಾಲು ತಂದರೆ ಡೇರಿಯವರು ಗಟ್ಟಿ ಹಾಲಿನ ರೇಟು ಕೊಡುತ್ತಾರಾ?

ಮೈಲೇಜಿನ ಜೊತೆ ಬಿಡಿಭಾಗಗಳ ಕಥೆ. ಹಳೆಯ ಗಾಡಿಗಳ ಪೆಟ್ರೋಲ್ ಪೈಪು, ಓ-ರಿಂಗು, ಗ್ಯಾಸ್ಕೆಟ್ಟು ಎಥನಾಲಿಗೆ ಊದಿಕೊಳ್ಳಬಹುದು, ಬಿರುಕು ಬಿಡಬಹುದು. ಹಳೇ ಟ್ಯಾಂಕಿನ ತಳದಲ್ಲಿ ಕೂತಿದ್ದ ಕಸರನ್ನು ಎಥನಾಲ್ ಸಡಿಲಿಸುತ್ತದೆ. ಅದು ಹೋಗಿ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಗಾಳಿ-ಇಂಧನದ ಹದ ತಾನೇ ಸರಿ ಮಾಡಿಕೊಳ್ಳುತ್ತದೆ. 2020ಕ್ಕಿಂತ ಮುಂಚಿನ ಬಹುತೇಕ ಬೈಕುಗಳಲ್ಲಿರುವುದು ಕಾರ್ಬುರೇಟರ್. ಅದಕ್ಕೆ ಆ ಬುದ್ಧಿ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಹತ್ತು ಕಿಕ್ಕು ಹೊಡೆಯಬೇಕಾಗುತ್ತದೆ. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು ಎಂದು ಸಚಿವಾಲಯವೂ ಒಪ್ಪಿದೆ. ಆದರೆ ಅದು ಅಗ್ಗ, ಸರ್ವಿಸ್ ಮಾಡಿಸುವಾಗ ಆಗಿಹೋಗುತ್ತದೆ ಎನ್ನುತ್ತದೆ. ಅಗ್ಗ ಎನ್ನುವುದಾದರೆ ಆ ಖರ್ಚನ್ನು ಸರ್ಕಾರವೋ ಕಂಪನಿಯೋ ಭರಿಸಲಿ. ಒಂದು ದಿನ ಗಾಡಿ ಮೆಕ್ಯಾನಿಕ್ ಬಳಿ ನಿಂತರೆ ಒಂದು ದಿನದ ದುಡಿಮೆ ಹೋಯಿತು, ಅದನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ?

ಯಾರೂ ಮಾತಾಡದ ಇನ್ನೊಂದು ಸಾಲು ಇದೆ. ಪವರ್ ಸ್ಪ್ರೇಯರ್, ವೀಡ್ ಕಟರ್, ಮರ ಕೊಯ್ಯುವ ಮೆಷಿನ್, ಸಣ್ಣ ಪೆಟ್ರೋಲ್ ಪಂಪ್‌ಸೆಟ್. ಇವು ವರ್ಷದಲ್ಲಿ ಕೆಲವೇ ವಾರ ಓಡಿ, ಉಳಿದ ಕಾಲ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಸಮೇತ ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತವೆ. ಎಥನಾಲ್ ನೀರನ್ನು ಎಳೆದುಕೊಳ್ಳುವ ದ್ರವ. ಮಲೆನಾಡು, ಕರಾವಳಿಯ ಮಳೆಗಾಲದ ತೇವದಲ್ಲಿ ಇದು ಸಣ್ಣ ಮಾತಲ್ಲ. ನೀರಿನ ಅಂಶ ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಮೆಷಿನ್ನು ಎಳೆದುಕೊಳ್ಳುವುದು ತಳದಿಂದಲೇ. ತೋಟಕ್ಕೆ ಔಷಧಿ ಹೊಡೆಯಲೇಬೇಕಾದ ದಿನ ಸ್ಪ್ರೇಯರ್ ಕೈಕೊಟ್ಟರೆ ಆಗುವ ನಷ್ಟ ರಬ್ಬರ್ ಪೈಪಿನ ಬೆಲೆಯದ್ದಲ್ಲ. ಈ ಯಂತ್ರಗಳಿಗೆ ಆರ್‌ಸಿಯೂ ಇಲ್ಲ, ಅಂಕಿಸಂಖ್ಯೆಯೂ ಇಲ್ಲ, ಆದ್ದರಿಂದ ನೀತಿ ಮಾಡುವವರ ಕಣ್ಣಿಗೆ ಅವು ಇಲ್ಲವೇ ಇಲ್ಲ.

ಇಷ್ಟೆಲ್ಲ ಕೇಳಿದರೆ ಕೊನೆಗೆ ಬರುವ ಉತ್ತರ ಒಂದೇ: "ಇದು ರೈತರಿಗಾಗಿ." ಎಥನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅಲ್ಲೂ ಸರ್ಕಾರ ಕಬ್ಬು ಬೆಳೆಗಾರರ ಹೆಸರನ್ನೇ ಹೇಳಿತು. ಸರಿ, ರೈತರನ್ನೇ ನೋಡೋಣ. ಎರಡೇ ತಿಂಗಳಿಗೆ, ನವೆಂಬರ್‌ನಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ರಸ್ತೆಯಲ್ಲಿ ಕೂತಿದ್ದರು. ಸಿಕ್ಕಿದ್ದು 3,300. ಅದರಲ್ಲೂ ಒಂದು ಪಾಲು ಸರ್ಕಾರದ ಬೊಕ್ಕಸದಿಂದ. ಅದೇ ಹೊತ್ತಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇದ್ದರೆ ಮಾರುಕಟ್ಟೆಯಲ್ಲಿ ಎರಡು ಸಾವಿರವೂ ಸಿಗದೆ ರೈತರು ಕಣ್ಣೀರಿಟ್ಟರು. ಮೆಕ್ಕೆಜೋಳದಿಂದ ತೆಗೆದ ಎಥನಾಲಿಗೆ ತೈಲ ಕಂಪನಿಗಳು ಕೊಡುವ ಬೆಲೆ ಲೀಟರಿಗೆ 71.86 ರೂಪಾಯಿ, ಎಲ್ಲ ಬಗೆಯ ಎಥನಾಲಿಗಿಂತ ಹೆಚ್ಚು. ಎಥನಾಲಿನ ಬೆಲೆಗೆ ಗ್ಯಾರಂಟಿ, ಜೋಳದ ಬೆಲೆಗೆ ಇಲ್ಲ. ಹಾಗಾದರೆ ನಡುವೆ ಉಳಿದದ್ದು ಯಾರ ಜೇಬಿಗೆ?

ಗುರ್ಲಾಪುರದಲ್ಲಿ ಕೂತವರೂ ಅಲ್ಲಿಗೆ ಬಂದದ್ದು ಬೈಕಿನಲ್ಲೇ. ರೈತ ಕಬ್ಬು ಮಾರುವಾಗಲೂ ಕಳೆದುಕೊಂಡ, ಆ ಕಬ್ಬು ಎಥನಾಲ್ ಆಗಿ ಅವನ ಟ್ಯಾಂಕಿಗೆ ಬಂದಾಗಲೂ ಕಳೆದುಕೊಂಡ. ಅವನನ್ನೇ ಗುರಾಣಿ ಮಾಡಿಕೊಂಡು ಈ ನೀತಿಯನ್ನು ಕಾಪಾಡುವುದು ನಾಚಿಕೆಗೇಡು.

ಬೇರೆ ದೇಶಗಳು ಎಥನಾಲ್ ಬೆರೆಸಿಲ್ಲವೇ? ಬೆರೆಸಿವೆ, ಆದರೆ ಜನರನ್ನು ಕೇಳಿ, ಜನರಿಗೆ ಹೇಳಿ. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಇ10 ತಂದಾಗ ಹಳೆಯ ಗಾಡಿಗಳಿಗೆಂದು ಇ5 ಪೆಟ್ರೋಲನ್ನು ಉಳಿಸಿಕೊಂಡಿತು, ನಿಮ್ಮ ಗಾಡಿಗೆ ಆಗುತ್ತದೋ ಇಲ್ಲವೋ ನೋಡಿಕೊಳ್ಳಲು ಸರ್ಕಾರಿ ವೆಬ್‌ಸೈಟನ್ನೇ ಮಾಡಿತು. ಶೇ. 30 ಬೆರೆಸುವ ಬ್ರೆಜಿಲ್ ಈ ಕೆಲಸ ಶುರು ಮಾಡಿದ್ದು 1975ರಲ್ಲಿ. ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಫ್ಲೆಕ್ಸ್ ಫ್ಯುಯೆಲ್ ಕಾರುಗಳು ಅಲ್ಲಿ 2003ರಿಂದ ಇವೆ. ಬಂಕಿನಲ್ಲಿ ಪೆಟ್ರೋಲ್ ಮಿಶ್ರಣವೂ ಇದೆ, ಬರೀ ಎಥನಾಲೂ ಇದೆ. ಎಥನಾಲಿನ ದರ ಪೆಟ್ರೋಲಿನ ಶೇ. 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಲಾಭ ಎಂದು ಅಲ್ಲಿನ ಚಾಲಕರಿಗೆ ಗೊತ್ತು. ಫ್ಯಾಟ್ ನೋಡಿ ದರ ಕಟ್ಟುವುದು ಎಂದರೆ ಇದೇ.

ನಾವು ಕೇಳುವುದು ಎಥನಾಲ್ ನಿಲ್ಲಿಸಿ ಎಂದಲ್ಲ. ನಾಲ್ಕೇ ಮಾತು. ಪ್ರತಿ ಪಂಪಿನ ಮೇಲೆ ಎಥನಾಲ್ ಶೇಕಡಾ ಎಷ್ಟು ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ಹೋಬಳಿಗೆ ಒಂದಾದರೂ ಬಂಕಿನಲ್ಲಿ ಹಳೆಯ ಗಾಡಿ ಮತ್ತು ಕೃಷಿ ಯಂತ್ರಗಳಿಗೆ ಇ10 ಉಳಿಸಿ. ಶಕ್ತಿ ಕಡಿಮೆ ಇರುವಷ್ಟು ದರ ಇಳಿಸಿ. ಕೇಂದ್ರ ಮತ್ತು ರಾಜ್ಯ ಎರಡೂ ತಮ್ಮ ತೆರಿಗೆಯಲ್ಲಿ ಅದನ್ನು ಹಂಚಿಕೊಳ್ಳಲಿ. ಯಾವ ಮಾಡೆಲ್, ಯಾವ ವರ್ಷದ ಗಾಡಿಗೆ ಯಾವ ಭಾಗ ಬದಲಿಸಬೇಕು, ಎಷ್ಟು ಖರ್ಚು ಎಂಬ ಪಟ್ಟಿಯನ್ನು ಕಂಪನಿಗಳಿಂದ ಹೊರಡಿಸಿ, ಊರಿನ ಮೆಕ್ಯಾನಿಕ್‌ಗಳ ಕೈಗೆ ಮುಟ್ಟಿಸಿ.

2026ರ ಅಕ್ಟೋಬರ್ 31ರವರೆಗೆ ಇ20, ಆಮೇಲಿನದ್ದು ಮುಂದಿನ ತೀರ್ಮಾನ ಎಂದು ಸಚಿವಾಲಯ ಹೇಳಿದೆ. ಇ27ರ ಮಾತು ಆಗಲೇ ಕೇಳಿಬರುತ್ತಿದೆ. ಇಪ್ಪತ್ತಕ್ಕೆ ಸುಮ್ಮನಿದ್ದವರು ಇಪ್ಪತ್ತೇಳಕ್ಕೂ ಸುಮ್ಮನಿರುತ್ತಾರೆ ಎಂಬ ಲೆಕ್ಕ ಅವರದ್ದು. ಮುಂದಿನ ಬಾರಿ ನಿಮ್ಮ ಶಾಸಕರೋ ಸಂಸದರೋ ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ನಮ್ಮ ಹಳೇ ಗಾಡಿಗೆ ಯಾವ ಪೆಟ್ರೋಲ್ ಹಾಕಿಸಬೇಕು, ಅದು ಎಲ್ಲಿ ಸಿಗುತ್ತದೆ?