ಹಂಪಿ: ಯುನೆಸ್ಕೋವನ್ನು ದೂರುವ ಮುನ್ನ

ಹಂಪಿಯ ಅಭಿವೃದ್ಧಿಗೆ ಯುನೆಸ್ಕೋ ಅಡ್ಡಗಾಲು ಹಾಕುತ್ತಿದೆ ಎಂದು ವಾದಿಸುವ ಲೇಖನವೊಂದನ್ನು ಓದಿ ಬೇಸರವಾಯಿತು. ವಿಶ್ವ ಪರಂಪರೆ ಒಪ್ಪಂದವನ್ನು ಯಾರೂ ನಮ್ಮ ಮೇಲೆ ಹೇರಿಲ್ಲ. 1977ರಲ್ಲಿ ಭಾರತವೇ ಅದನ್ನು ಒಪ್ಪಿಕೊಂಡಿತು. ಹಂಪಿಯ ಹೆಸರು ಮುಂದಿಟ್ಟವರೂ ನಾವೇ. 1986ರಲ್ಲಿ ಅದು ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

1999ರಲ್ಲಿ ಹಂಪಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಬಿದ್ದದ್ದು, ಸ್ಮಾರಕಗಳ ನಡುವೆಯೇ ನಾವು ಸೇತುವೆ ಕಟ್ಟಲು ಹೊರಟದ್ದರಿಂದ. ನದಿಯಾಚೆಯ ಆನೆಗೊಂದಿಯವರಿಗೆ ಸೇತುವೆ ಬೇಕಿತ್ತು, ನಿಜ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಹರಿಗೋಲು ದಡ ಬಿಡುತ್ತಿರಲಿಲ್ಲ, ಆಚೆ ದಡದ ರೋಗಿ ಆಚೆಯೇ ಉಳಿಯಬೇಕಿತ್ತು. ಯುನೆಸ್ಕೋದ ಮುಖ್ಯ ತಕರಾರು ಇದ್ದದ್ದು ಜಾಗದ ಬಗ್ಗೆ. ತಳವಾರಘಟ್ಟದ ಅದೇ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರ ಜೀವ ತೆಗೆಯಿತು. ಲೇಖನದಲ್ಲಿ ಆ ಸಾವುಗಳಿಗೆ ಒಂದು ಸಾಲೂ ಇಲ್ಲ!

2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಎದುರಿನ ರಥಬೀದಿಗೆ ಜೆಸಿಬಿ ನುಗ್ಗಿತು. ಸಾಲುಮಂಟಪಗಳಲ್ಲಿ ಅಂಗಡಿ, ಅಡುಗೆಮನೆ, ತೊಟ್ಟಿಲು ಎಲ್ಲ ಇಟ್ಟುಕೊಂಡಿದ್ದ ಕುಟುಂಬಗಳು ಬೀದಿಗೆ ಬಿದ್ದವು. ಅದನ್ನೂ ಲೇಖಕರು ಪ್ಯಾರಿಸ್‌ನ ಯುನೆಸ್ಕೋ ತಲೆಗೆ ಕಟ್ಟುತ್ತಾರೆ. ತೆರವು ಮಾಡಿಸಿದ್ದು ನಮ್ಮದೇ ಆಡಳಿತ. ಪುನರ್ವಸತಿಗೆ ಕೊಡಬೇಕಿದ್ದ ಕಡ್ಡಿರಾಂಪುರದ ನಿವೇಶನಕ್ಕಾಗಿ ಆ ಕುಟುಂಬಗಳನ್ನು ವರ್ಷಗಟ್ಟಲೆ ಕಾಯಿಸಿದ್ದೂ ಅದೇ. ಲೇಖಕರ ಸಿಟ್ಟು ಬೆಂಗಳೂರಿನ ಸರ್ಕಾರದ ಕಡೆಗೆ ತಿರುಗಲಿ.