ಜೈಲಿನ ಗೇಟಿನಾಚೆ ಯಾರು ಕಾಯುತ್ತಾರೆ?

ಜೈಲಿಂದ ಹೊರಬಂದವನ ಕೈಯಲ್ಲಿ 46 ಪೌಂಡ್. ಎಷ್ಟೋ ಜನಕ್ಕೆ ಮನೆ ಇಲ್ಲ, ಕೆಲಸವೂ ಇಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಬಿಡುಗಡೆ ಅಂದ್ರೆ ಇದೇ ಆಗಿತ್ತು. ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆ ಮುಗಿಸಿ ಬಂದವರಲ್ಲಿ ನೂರಕ್ಕೆ ಸುಮಾರು 60 ಮಂದಿ ವರ್ಷದೊಳಗೆ ಮತ್ತೆ ಅಪರಾಧ ಮಾಡುತ್ತಿದ್ದರು. ಇದರಲ್ಲಿ ಆಶ್ಚರ್ಯವೇನಿದೆ?

ಕೇಂಬ್ರಿಡ್ಜ್‌ಶೈರ್‌ನ ಪೀಟರ್‌ಬರೋ ಜೈಲು 2005ರಲ್ಲಿ ಶುರುವಾದಾಗಿನಿಂದ ಖಾಸಗಿಯವರ ಕೈಯಲ್ಲೇ ಇದೆ. ನಡೆಸೋದು ಸೊಡೆಕ್ಸೊ ಕಂಪನಿ. ಸುತ್ತಲಿನ ಕೋರ್ಟುಗಳು ಕಳಿಸಿದವರನ್ನು ಇಟ್ಟುಕೊಳ್ಳುವ ಸ್ಥಳೀಯ ಜೈಲು ಇದು. 2010ರಲ್ಲಿ ಜಗತ್ತಿನ ಮೊದಲ ‘ಸೋಷಿಯಲ್ ಇಂಪ್ಯಾಕ್ಟ್ ಬಾಂಡ್’ ಜಾರಿಗೆ ಬಂದಿದ್ದು ಇಲ್ಲೇ. 17 ಹೂಡಿಕೆದಾರರು 50 ಲಕ್ಷ ಪೌಂಡ್ ಹಾಕಿದರು. ಬಿಡುಗಡೆಯಾದವರು ಮತ್ತೆ ಶಿಕ್ಷೆಗೊಳಗಾಗುವ ಪ್ರಕರಣಗಳು ಒಟ್ಟಾರೆ 7.5% ಇಳಿದರೆ ಅಸಲು, ಲಾಭ ಎರಡೂ ಸಿಗುತ್ತೆ. ಇಲ್ಲದಿದ್ದರೆ ದುಡ್ಡು ಹೋದಂತೆ.

ಆ ದುಡ್ಡಲ್ಲಿ ನಡೆದದ್ದು ‘ಒನ್ ಸರ್ವಿಸ್’. ಸೇಂಟ್ ಗೈಲ್ಸ್ ಟ್ರಸ್ಟ್‌ನಂಥ ಸಂಸ್ಥೆಗಳ ಕಾರ್ಯಕರ್ತರು ಕೈದಿಯನ್ನು ಒಳಗೇ ಭೇಟಿಯಾಗುತ್ತಿದ್ದರು. ಬಿಡುಗಡೆಯ ದಿನ ಗೇಟಿನ ಬಳಿ ನಿಂತಿರುತ್ತಿದ್ದರು. ಆಮೇಲೆ ಒಂದು ವರ್ಷದವರೆಗೆ ಬಾಡಿಗೆ ಕೋಣೆ, ಭತ್ಯೆಯ ಅರ್ಜಿ, ಕುಡಿತ ಬಿಡಿಸೋದು ಎಲ್ಲದಕ್ಕೂ ಜೊತೆಗಿರುತ್ತಿದ್ದರು. ಸೇರಲೇಬೇಕು ಅಂತ ಯಾರಿಗೂ ಒತ್ತಾಯ ಇರಲಿಲ್ಲ.

ಫಲಿತಾಂಶ? ಹೋಲಿಕೆಯ ಗುಂಪಿಗಿಂತ 9% ಇಳಿಕೆ. ಹೂಡಿಕೆದಾರರಿಗೆ ದುಡ್ಡು ವಾಪಸ್ ಬಂತು.

ಆದರೆ ಅಂತಿಮ ಫಲಿತಾಂಶ ಬರುವ ಮೊದಲೇ ಸರ್ಕಾರ ಪ್ರಯೋಗವನ್ನು ಮೊಟಕುಗೊಳಿಸಿತ್ತು. ಇನ್ಮುಂದೆ ದೇಶದ ಎಲ್ಲ ಅಲ್ಪಾವಧಿ ಕೈದಿಗಳಿಗೂ ಬಿಡುಗಡೆಯ ನಂತರ ಮೇಲ್ವಿಚಾರಣೆ ಅಂತ ಹೇಳಿತು. ಉದ್ದೇಶ ಕೆಟ್ಟದ್ದಲ್ಲ. ಆದರೆ ಆ ಕೆಲಸವನ್ನು 21 ಗುತ್ತಿಗೆಗಳಾಗಿ ಹಂಚಲಾಯಿತು. ಕೇಂಬ್ರಿಡ್ಜ್‌ಶೈರ್ ಸೇರಿ ಆರು ಗುತ್ತಿಗೆಗಳು ಸೊಡೆಕ್ಸೊ ಪಾಲಾದವು. ಜೈಲೂ ಅವರದ್ದೇ, ಹೊರಗಿನ ಉಸ್ತುವಾರಿಯೂ ಅವರದ್ದೇ.

2017ರಲ್ಲಿ ಹಲವು ಜೈಲುಗಳನ್ನು ನೋಡಿದ ಸರ್ಕಾರಿ ತಪಾಸಣಾಧಿಕಾರಿಗಳು ಹೇಳಿದ್ದು ಇಷ್ಟು: ಈ ಗೇಟಿನಾಚೆಯ ಸೇವೆಯನ್ನು ನಾಳೆಯೇ ನಿಲ್ಲಿಸಿದರೂ ಏನೂ ವ್ಯತ್ಯಾಸ ಆಗಲ್ಲ. ಯಾಕಂದ್ರೆ ಗುತ್ತಿಗೆದಾರರಿಗೆ ದುಡ್ಡು ಸಿಗುತ್ತಿದ್ದದ್ದು ಪುನರ್ವಸತಿ ಯೋಜನೆಯ ಕಾಗದ ಪೂರ್ತಿ ಮಾಡಿದ್ದಕ್ಕೆ. ಆ ಮನುಷ್ಯನಿಗೆ ಮನೆ ಸಿಕ್ಕಿತಾ ಅನ್ನೋದಕ್ಕಲ್ಲ. ಕೊನೆಗೆ 2021ರ ಜೂನ್‌ನಲ್ಲಿ ಇಡೀ ವ್ಯವಸ್ಥೆ ಸರ್ಕಾರದ ಕೈಗೆ ಮರಳಿತು.

ಪೀಟರ್‌ಬರೋ ಯಶಸ್ಸನ್ನು ಖಾಸಗೀಕರಣದ ಗೆಲುವು ಅಂತ ತೋರಿಸುವವರಿದ್ದಾರೆ. ಗೋಡೆ ಅದೇ, ಕಂಪನಿ ಅದೇ. ಬದಲಾದದ್ದು ಗೇಟಿನಾಚೆ ನಿಂತಿದ್ದ ಮನುಷ್ಯ, ಮತ್ತು ಅವನಿಗೆ ಕೊಟ್ಟಿದ್ದ ಒಂದು ವರ್ಷದ ಸಮಯ. ಜೈಲು ಯಾರು ನಡೆಸಬೇಕು ಅನ್ನೋ ಚರ್ಚೆ ನಡೆಯಲಿ, ನಡೆಯಲೇಬೇಕು. ಅದರ ಜೊತೆಗೆ ಗುತ್ತಿಗೆ ಪತ್ರ ತೆರೆದು ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ದುಡ್ಡು ಕೊಡ್ತಿರೋದು ಯಾವುದಕ್ಕೆ?